ಬಡಗಿಯ ಕಾರ್ಡು

ನಮ್ಮ ಡಾಕ್ಟರ ತಲೆಯೊಳಗೆ ಏನು ಓಡುತ್ತಿದೆ ಎಂಬುದು ಅವರಿಗಿಂತ ಒಂದು ಗಳಿಗೆ ಮುಂಚೆಯೇ ನನಗೆ ತಿಳಿದುಬಿಡುತ್ತದೆ. ಹನ್ನೆರಡು ವರ್ಷ ಅವರ ಕ್ಲಿನಿಕ್ಕಿನ ನೆಲ ಒರೆಸಿದವಳು ನಾನು. ಟ್ರೇ ತೊಳೆದವಳು, ಕಾರ್ಡು ಹುಡುಕಿ ಕೊಟ್ಟವಳು, ಬಾಗಿಲಲ್ಲಿ ನಿಂತು ಹತ್ತು ಲಕ್ಷ ಕೆಮ್ಮುಗಳನ್ನು ಮುಖದ ಮೇಲೆ ತೆಗೆದುಕೊಂಡವಳು. ಒಳಗೆ ಹೋದವನಿಗೆ ಸೂಜಿಯೋ ಮಾತ್ರೆಯೋ ಬರೀ ಬೈಗುಳವೋ ಎಂದು ಹೊರಗಿನ ಬೆಂಚಿನವರಿಗೆ ನಾನು ಮೊದಲೇ ಹೇಳಿಬಿಡುತ್ತಿದ್ದೆ. ಒಂದು ಸಲವೂ ತಪ್ಪಿಲ್ಲ. ಸರಿ, ಹಾಗೆ ಹುಬ್ಬೇರಿಸಬೇಡಿ, ಇದರಲ್ಲಿ ಅರ್ಧ ಸುಳ್ಳು. ತಪ್ಪಿದ್ದೂ ಇದೆ, ಕೆಮ್ಮು ಅಷ್ಟೊಂದು ಇರಲಿಕ್ಕೂ ಇಲ್ಲ. ಅವರ ಮನಸ್ಸಿನೊಳಗಿನದು ಎಂದು ನಾನು ಈಗ ಹೇಳಲಿರುವುದರಲ್ಲಿ ಒಂದು ಪಾಲು ನೆಲ ಒರೆಸುತ್ತ ಕಂಡದ್ದು, ಒಂದು ಪಾಲು ಆ ದಿನ ಸಂಜೆ ಅವರೇ ಬಾಯಿಬಿಟ್ಟು ಹೇಳಿದ್ದು, ಮಿಕ್ಕದ್ದು ನಾನೇ ತುಂಬಿಸಿದ್ದು. ಓದಿದ್ದು ನಾಲ್ಕನೇ ಕ್ಲಾಸು; ತುಂಬಿಸುವುದಕ್ಕೆ ಅಷ್ಟು ಓದು ಸಾಕು.

ಅದು ತಿಂಗಳ ಮೊದಲ ಬುಧವಾರ, ಅಲರ್ಜಿ ಮೇಡಂ ಬರುವ ದಿನ. ಡಾಕ್ಟರು ಎಂಟು ಗಂಟೆಗೇ ಬಂದು ಕುರ್ಚಿಯಲ್ಲಿ ಕೂತಿದ್ದರು, ದೀಪ ಹಾಕಿರಲಿಲ್ಲ. ಕಿಟಕಿಯ ಬಲೆಯಿಂದ ಬಂದ ಬೆಳಕು ಮೇಜಿನ ಗಾಜಿನ ಮೇಲೆ ಸಣ್ಣ ಸಣ್ಣ ಚೌಕವಾಗಿ ಬಿದ್ದಿತ್ತು, ಅವುಗಳನ್ನು ಬೆರಳಿನಿಂದ ಒಂದೊಂದಾಗಿ ಮುಚ್ಚುತ್ತ ತೆಗೆಯುತ್ತ ಇದ್ದರು. ನಲವತ್ತು ವರ್ಷ ಈ ಮೇಜಿನ ಹಿಂದೆ ಕೂತವನು ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಹೊತ್ತಿಗೆ ಮುಂಚೆಯೇ ಬಂದು ಯಾಕೆ ಕಾಯಬೇಕು ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು. ಮೇಡಂಗೆ ಅವರ ಮಗಳ ವಯಸ್ಸು. ಸೀನಿಗೂ ಕುರುವಿಗೂ ಬಸುರಿಗೂ ಮುದುಕರಿಗೂ ಒಬ್ಬರೇ ಔಷಧ ಕೊಡುವ ಮನೆ ಡಾಕ್ಟರುಗಳ ಪಕ್ಕದಲ್ಲಿ ಕೂತು, ಯಾರ ಮೈಗೆ ಯಾವುದು ನಿಜವಾಗಿ ಒಗ್ಗುವುದಿಲ್ಲ, ಯಾವುದು ಬರೀ ಭಯ ಎಂದು ಬೇರ್ಪಡಿಸುವುದನ್ನು ತೋರಿಸಿಕೊಡಲೆಂದೇ ದೊಡ್ಡ ಆಸ್ಪತ್ರೆಯವರು ಅವಳನ್ನು ಕಳಿಸುತ್ತಿದ್ದರು. ಕಲಿಸಲು ಬಂದಿದ್ದೇನೆ ಎಂದು ಅವಳು ಒಮ್ಮೆಯೂ ಅಂದಿರಲಿಲ್ಲ, ಸಹಾಯಕ್ಕೆ ಎನ್ನುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು 'ಸರ್, ಒಂದು ಕೇಳ್ಲಾ?' ಎಂದು ಮೆತ್ತಗೆ ಕೇಳುತ್ತಿದ್ದಳು. ಅವಳಿಗೆಂದು ಹಾಕಿದ ಸ್ಟೂಲು ಅವರ ಕುರ್ಚಿಗಿಂತ ನಾಲ್ಕು ಬೆರಳು ಎತ್ತರ. ಅವರು ಕೇಳಿದ ಪ್ರಶ್ನೆಗೂ ರೋಗಿಗಳು ಅವಳ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಆಗ ಅವರು ಸುಮ್ಮನೆ ಸ್ಟೆತಸ್ಕೋಪಿನ ಕೊಳವೆ ನೇರ ಮಾಡುತ್ತಿದ್ದರು, ಅದು ಸೊಟ್ಟಗಿಲ್ಲದಿದ್ದರೂ.

ಕಳೆದ ತಿಂಗಳು ಅವಳು ನನ್ನಿಂದ ಕೆಂಪು ಗೆರೆಯ ಕಾರ್ಡುಗಳನ್ನೆಲ್ಲ ತೆಗೆಸಿದ್ದಳು. ಪೆನ್ಸಿಲಿನ್ ಜಾತಿಯ ಔಷಧ ಒಬ್ಬರಿಗೆ ಆಗುವುದಿಲ್ಲ ಎಂದಾದರೆ ಡಾಕ್ಟರು ಕಾರ್ಡಿನ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು 'ಕೊಡಬಾರದು' ಎಂದು ಬರೆಯುತ್ತಿದ್ದರು. ಬರೆದರೆ ಮುಗಿಯಿತು, ಆ ಮನುಷ್ಯ ಸಾಯುವವರೆಗೆ ಆ ಔಷಧ ಅವನ ಹತ್ತಿರ ಸುಳಿಯುವಂತಿಲ್ಲ. ಅಂಥವು ನೂರಾ ತೊಂಬತ್ತಾರು. ಮೇಡಂ ಒಂದೊಂದನ್ನೇ ತಿರುವಿ ನೋಡಿ, 'ಸರ್, ಮೈಮೇಲೆ ಏನು ಎದ್ದಿತ್ತು, ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಎದ್ದಿತ್ತು, ಉಸಿರು ಕಟ್ಟಿತ್ತಾ ಇಲ್ವಾ, ಏನೂ ಬರೆದಿಲ್ವಲ್ಲ?' ಎಂದಳು. 'ಅವರೇ ಬಂದು ಹೇಳಿದ್ದು' ಎಂದರು ಡಾಕ್ಟರು. 'ಹೂಂ ಸರ್, ಎಲ್ಲಾ ಕಡೆ ಹೀಗೇನೇ. ಇಂಥಾ ಹತ್ತು ಗೆರೆ ಪರೀಕ್ಷೆ ಮಾಡಿ ನೋಡಿದ್ರೆ ಒಂಬತ್ತು ನಿಲ್ಲಲ್ಲ.' ಇಷ್ಟು ಹೇಳಿ ಅವಳು ಬಸ್ಸಿಗೆ ಹೋದಳು. ಅವತ್ತಿನಿಂದ ಡಾಕ್ಟರು ಸರಿಯಾಗಿ ಊಟ ಮಾಡಲಿಲ್ಲ. ಅವರ ಕಣ್ಣಿಗೆ ಕಟ್ಟಿದ್ದು ಆ ನೂರಾ ತೊಂಬತ್ತಾರು ಕಾರ್ಡಲ್ಲ, ಒಂದೇ ಒಂದು. ಅದು ಆ ಕಟ್ಟಿನಲ್ಲಿ ಇರಲೂ ಇಲ್ಲ. ಸತ್ತವರ ಕಟ್ಟಿನಲ್ಲಿ, ಬೀರುವಿನ ಮೇಲಿನ ಹಲಗೆಯಲ್ಲಿತ್ತು. ಬಡಗಿಯ ಕಾರ್ಡು. ಬಡಗಿ ಎಂದರೆ ನನ್ನ ಗಂಡ.

ಹನ್ನೆರಡು ವರ್ಷದ ಹಿಂದೆ ಉಳಿ ಜಾರಿ ಮೊಣಕಾಲ ಕೆಳಗೆ ಆದ ಗಾಯ. ಸ್ಟೂಲಿನ ಮೇಲೆ ಇಟ್ಟ ಆ ಕಾಲು ಡಾಕ್ಟರಿಗೆ ಈಗಲೂ ಕಾಣುತ್ತದೆ: ಪಾಲಿಶ್ ಹೊಡೆದ ಮರದ ಹಾಗೆ ಹೊಳೆಯುವ ಚರ್ಮ, ಮುಟ್ಟಿದರೆ ಒಲೆಯ ಬಿಸಿ, ಕೆಂಪು ಮೇಲಕ್ಕೆ ಹತ್ತುತ್ತಿದೆ. ಏನು ಕೊಡಬೇಕೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಕೈ ತಾನಾಗಿ ಪೆನ್ಸಿಲಿನ್ ಇಟ್ಟ ಡ್ರಾಯರಿನ ಕಡೆ ಹೋಯಿತು. ಆಮೇಲೆ ಕಣ್ಣು ಕಾರ್ಡಿನ ಮೇಲೆ ಬಿತ್ತು, ಕೆಂಪು ಗೆರೆ ಕಂಡಿತು, ಕೈ ಅರ್ಧದಲ್ಲೇ ಹಿಂದೆ ಬಂತು. ಆ ಅರ್ಧ ಕ್ಷಣದಲ್ಲಿ ಅವರಿಗೆ ಒಂದು ನೆನಪು ಬಂದದ್ದು ನಿಜ: ಈ ಗೆರೆ ಎಳೆಸಿದವಳು ಬಡಗಿಯ ಹೆಂಡತಿ, ಒಂದು ಜಿರಳೆ ಕಂಡರೆ ಪಡೆಯೇ ಬಂತೆನ್ನುವವಳು. ಇನ್ನೊಂದು ಸಲ ಕೇಳು ಎಂದು ಎದೆಯ ಒಳಗಿನಿಂದ ಯಾರೋ ಅಂದರು. ಹೊರಗೆ ಇಪ್ಪತ್ತೇಳು ಜನ ಕೂತಿದ್ದರು. ಕೇಳಿದರೆ ಅವಳು ಅರ್ಧ ಗಂಟೆ ಹೇಳುತ್ತಾಳೆ. ಕೇಳಲಿಲ್ಲ. ಬೇರೆ ಔಷಧ ಬರೆದುಕೊಟ್ಟರು. ಮೂರನೆಯ ದಿನ ಚಳಿ ಜ್ವರ. ದೊಡ್ಡ ಆಸ್ಪತ್ರೆಗೆ ಕಳಿಸುವ ಕಾಗದದ ಮೇಲೂ ಅದೇ ಕೆಂಪು ಗೆರೆ ಎಳೆದರು, ಅಲ್ಲಿಯವರೂ ಅದಕ್ಕೆ ಹೆದರಿದರು. ಆರನೆಯ ದಿನ ಬಡಗಿ ಇಲ್ಲ. ಹತ್ತಕ್ಕೆ ಒಂಬತ್ತು ನಿಲ್ಲುವುದಿಲ್ಲ ಎಂದು ಮೇಡಂ ಎಷ್ಟು ಸಲೀಸಾಗಿ ಅಂದಳು! ಹಾಗಾದರೆ ಬಡಗಿಯದು ಆ ಒಂಬತ್ತರಲ್ಲಿಯೋ, ಉಳಿದ ಒಂದೋ?

ಆ ಬುಧವಾರ ಬೆಳಿಗ್ಗೆ ನಾನು ಬಕೆಟ್ಟು ಹಿಡಿದು ಮತ್ತೆ ಒಳಗೆ ಹೋದಾಗ ಅವರು ಸ್ಟೂಲಿನ ಮೇಲೆ ಹತ್ತಿ ಸತ್ತವರ ಕಟ್ಟು ಬಿಚ್ಚುತ್ತಿದ್ದರು.

'ಏನ್ ಡಾಕ್ಟ್ರೇ, ಈ ವಯಸ್ಸಲ್ಲಿ ಮರ ಹತ್ತೋದು?' ಎಂದೆ.

'ಧೂಳು ನೋಡ್ತಿದ್ದೆ ಅಕ್ಕ.' ಅವರಿಗಿಂತ ನಾನು ನಾಲ್ಕು ವರ್ಷ ದೊಡ್ಡವಳು. ಎಲ್ಲರ ಹಾಗೆ ಅವರಿಗೂ ಅಕ್ಕ.

'ಧೂಳು ನೋಡೋಕೆ ಅಷ್ಟು ಮೇಲೆ ಹೋಗ್ಬೇಕಾ? ನನ್ನ ತಲೆ ಮೇಲೇ ಬೇಕಾದಷ್ಟಿದೆ, ಕೂತ್ಕೊಂಡು ನೋಡಿ.'

ನಗಲಿಲ್ಲ. ಒಂದು ಕಾರ್ಡನ್ನು ಕೋಟಿನ ಜೇಬಿಗೆ ಹಾಕಿಕೊಂಡು ಇಳಿದರು. ನಾನು ನೋಡಲಿಲ್ಲ ಎಂದುಕೊಂಡರು. ನಾನು ನೋಡಿದೆ, ಆದರೆ ಬಕೆಟ್ಟಿನ ನೀರು ನೋಡುತ್ತಿದ್ದವಳ ಹಾಗೆ ನಿಂತೆ.

ಮೇಡಂ ಬಂದ ಮೇಲೆ ಮೊದಲು ಒಳಗೆ ಹೋದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಮೂಗು ಒರೆಸಿ ಒರೆಸಿ ತುದಿ ಸುಲಿದುಹೋಗಿತ್ತು. ಆರು ವರ್ಷದಿಂದ ಡಾಕ್ಟರು ಅವಳಿಗೆ ನೆಗಡಿಯ ಮಾತ್ರೆ ಕೊಡುತ್ತ ಬಂದಿದ್ದರು.

'ಯಾವಾಗ ಜಾಸ್ತಿ ಆಗುತ್ತೆ?' ಎಂದಳು ಮೇಡಂ.

'ಅತ್ತೆ ಮನೆಗೆ ಹೋದಾಗ. ಹೊಸಲು ದಾಟಿದ್ರೆ ಸಾಕು, ಸೀನೋ ಸೀನು.'

ನಾನು ಬಾಗಿಲಿನಿಂದ, 'ಅದಕ್ಕೆ ಔಷಧ ಇಲ್ಲಮ್ಮ, ನಾನೂ ಮೂವತ್ತು ವರ್ಷ ಸೀನಿದ್ದೀನಿ' ಎಂದೆ.

'ಅಜ್ಜಿ, ಸ್ವಲ್ಪ ಸುಮ್ನಿರಿ' ಎಂದು ಮೇಡಂ ನಗು ಅದುಮಿಕೊಂಡು, 'ಅತ್ತೆ ಮನೇಲಿ ಬೆಕ್ಕು ಇದೆಯಾ?' ಎಂದು ಕೇಳಿದಳು.

'ಎರಡಿದೆ. ಎಲ್ಲರನ್ನೂ ಬಿಟ್ಟು ನನ್ನ ತೊಡೆ ಮೇಲೇ ಬಂದು ಮಲಗುತ್ತೆ.'

'ಹಾಗಾದ್ರೆ ಅತ್ತೆ ಪಾಪದೋರು.'

ಮೇಡಂ ಅವಳ ಮುಂಗೈ ಮೇಲೆ ಬೆಕ್ಕು, ಧೂಳು, ಹೀಗೆ ಅನುಮಾನದ ವಸ್ತುಗಳ ಸತ್ವದ ನಾಲ್ಕು ಹನಿ ಸಾಲಾಗಿ ಬಿಟ್ಟು, ಒಂದೊಂದು ಹನಿಯೊಳಗೆ ಸೂಜಿಯ ಮೊನೆಯಿಂದ ಚರ್ಮವನ್ನು ತುಸು ಮೀಟಿದಳು. ಕಾಲು ಗಂಟೆಯಲ್ಲಿ ಬೆಕ್ಕಿನ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದ ಹಾಗೆ ದಪ್ಪಗಾಯಿತು, ಉಳಿದ ಮೂರು ಸಪ್ಪಗೆ ಉಳಿದವು. ಬ್ಯಾಂಕಿನವಳಿಗೆ ಅತ್ತೆಯನ್ನು ಸುಮ್ಮನೆ ಬೈದುಕೊಂಡೆನಲ್ಲ ಎಂಬ ಬೇಸರವೋ, ಇನ್ನು ಬೈಯಲು ಕಾರಣವಿಲ್ಲವಲ್ಲ ಎಂಬ ಬೇಸರವೋ, ಮುಖ ಚಿಕ್ಕದು ಮಾಡಿಕೊಂಡು ಹೋದಳು. ಡಾಕ್ಟರು ಆ ಸಣ್ಣ ಊತವನ್ನೇ ನೋಡುತ್ತಿದ್ದರು. ಎಷ್ಟು ಚಿಕ್ಕ ಪ್ರಶ್ನೆ! ಬೆಕ್ಕು ಇದೆಯಾ? ಎರಡು ಮಾತು. ಆರು ವರ್ಷದಲ್ಲಿ ಆ ಎರಡು ಮಾತಿಗೆ ಬಿಡುವು ಸಿಗಲಿಲ್ಲ. ಯಾವ ಮಾತಿಗೂ ಬಿಡುವು ಸಿಕ್ಕಿರಲಿಲ್ಲ. ಬರೆಯುತ್ತಿದ್ದರು, ಹರಿದು ಕೊಡುತ್ತಿದ್ದರು, ಮುಂದಿನವರು ಎನ್ನುತ್ತಿದ್ದರು. ಬಡಗಿ ಒಮ್ಮೆ ಹೇಳಿದ್ದು ನೆನಪಾಯಿತು, ಈ ಬೀರು ಮಾಡಿಕೊಟ್ಟ ದಿನ: 'ಅಳತೆ ಎರಡು ಸಲ ತಗೊಳ್ತೀನಿ ಡಾಕ್ಟ್ರೇ, ಕೊಯ್ಯೋದು ಒಂದೇ ಸಲ.' ಆಗ ಅವರು ಕೇಳಿಸಿಕೊಂಡಿರಲಿಲ್ಲ, ಏನೋ ಬರೆಯುತ್ತಿದ್ದರು. ಕೇಳಿಸಿಕೊಳ್ಳದ ಮಾತು ಇಷ್ಟು ವರ್ಷ ಎಲ್ಲಿ ಕೂತಿತ್ತು?

ಆಮೇಲೆ ದರ್ಜಿಯ ಸರದಿ. ಕಾರ್ಡಿನ ಮೇಲಿನ ಅವನ ಗೆರೆಗೆ ಹತ್ತೊಂಬತ್ತು ವರ್ಷ. ಮೇಡಂ ಕೇಳಿದಳು, ಅವನು ಹೇಳಿದ: ಚಿಕ್ಕವನಿದ್ದಾಗ ಮೈಮೇಲೆ ಏನೋ ಎದ್ದಿತ್ತಂತೆ, ಅಮ್ಮ ಹೇಳುತ್ತಿದ್ದಳು. ಉಸಿರು? ಇಲ್ಲ. ತಲೆ ಸುತ್ತಿ ಬಿದ್ದದ್ದು? ಇಲ್ಲ. ಮಾರನೆಯ ದಿನ? ಶಾಲೆಗೆ ಹೋಗಿದ್ದೆ. ಹಾಗಾದರೆ ಇಲ್ಲೇ ಕೊಟ್ಟು ನೋಡಬಹುದು ಎಂದಳು. ಉಸಿರು ಕಟ್ಟಿದವರನ್ನು, ಬಿದ್ದವರನ್ನು ಮಾತ್ರ ಇಲ್ಲಿ ಮುಟ್ಟುವಂತಿಲ್ಲ, ಅವರು ದೊಡ್ಡ ಆಸ್ಪತ್ರೆಗೇ ಬರಬೇಕು. ಏನಾದರೂ ಆದರೆ ತಕ್ಷಣ ಚುಚ್ಚುವ ಸೂಜಿಯನ್ನು ತುಂಬಿ ಟ್ರೇಯಲ್ಲಿ ಇಟ್ಟು ಬಿಳಿ ಬಟ್ಟೆ ಹೊದಿಸಿದರು. ಮೊದಲು ಔಷಧದ ಹತ್ತನೇ ಒಂದು ಪಾಲು, ಅರ್ಧ ಗಂಟೆ ಕಾಯುವುದು. ಆಮೇಲೆ ಉಳಿದದ್ದು, ಒಂದು ಗಂಟೆ ಕಾಯುವುದು. ದರ್ಜಿ ನನ್ನ ಕೈ ಹಿಡಿದುಕೊಂಡ. ಅವನ ಬೆರಳು ಮಂಜುಗಡ್ಡೆ.

'ಅಕ್ಕ, ನಿಮ್ಮ ಬಟ್ಟೆ ಎರಡು ನನ್ನ ಹತ್ರಾನೇ ಇದೆ. ನನಗೇನಾದ್ರೂ ಆದ್ರೆ ನನ್ನ ಹೆಂಡ್ತಿ ಹತ್ರ ಕೇಳಿ ಇಸ್ಕೊಳ್ಳಿ.'

'ಹೊಲಿದಿದ್ದೀಯಾ?'

'ಇನ್ನೂ ಇಲ್ಲ.'

'ಹಾಗಾದ್ರೆ ನಿನಗೇನೂ ಆಗಲ್ಲ. ಹೊಲಿದು ಕೊಡದೆ ಸಾಯೋಕೆ ನಾನು ಬಿಡಲ್ಲ.'

ಡಾಕ್ಟರು ಎದುರಿಗೆ ಕೂತು ದರ್ಜಿಯ ಮೈ ನೋಡುತ್ತಿದ್ದರು. ಕತ್ತು, ಮೊಣಕೈ ಮಡಿಕೆ, ಹೊಟ್ಟೆ. ಅಂಗಿ ಎತ್ತಿಸುವರು, ನೋಡುವರು, ಇಳಿಸುವರು. ಗಡಿಯಾರದ ದೊಡ್ಡ ಮುಳ್ಳು ಪ್ರತಿ ನಿಮಿಷಕ್ಕೆ ಒಮ್ಮೆ ತಡವರಿಸಿ ಮುಂದಕ್ಕೆ ಬೀಳುತ್ತಿತ್ತು. ಎರಡನೇ ಪಾಲು ಕೊಟ್ಟ ನಲವತ್ತನೆಯ ನಿಮಿಷಕ್ಕೆ ದರ್ಜಿ ಕತ್ತು ಕೆರೆದುಕೊಂಡ. ಡಾಕ್ಟರು ದಡಕ್ಕನೆ ಎದ್ದು ಹತ್ತಿರ ಹೋದರು. ಏನೂ ಇರಲಿಲ್ಲ, ಕಾಲರಿನ ದಾರ. ತಿರುಗಿ ಬಂದು ಕೂರುವಾಗ ಅವರಿಗೆ ಗೊತ್ತಾಯಿತು, ತಾನು ಓಡಿದ್ದು ಹೆದರಿಕೆಯಿಂದಲ್ಲ. ಆಸೆಯಿಂದ. ಒಂದು ದದ್ದಾದರೂ ಏಳಲಿ, ಒಂದೇ ಒಂದು ಕೆಂಪು ಮಚ್ಚೆ, ಈ ಗೆರೆ ನಿಜವಾಗಲಿ ಎಂದು ಒಳಗೆ ಕೂತು ಬೇಡಿಕೊಳ್ಳುತ್ತಿದ್ದವನು ತಾನೇ. ದರ್ಜಿಯದು ನಿಜವಾದರೆ ಬಡಗಿಯದೂ ನಿಜವಿರಬಹುದು. ನಲವತ್ತು ವರ್ಷ ಜನರ ಮೈ ವಾಸಿಯಾಗಲೆಂದು ನೋಡುತ್ತಿದ್ದ ಕಣ್ಣು ಈಗ ಒಬ್ಬ ಬಡಪಾಯಿಯ ಚರ್ಮ ಕೆಡಲಿ ಎಂದು ಕಾಯುತ್ತಿದೆ. ಅವರಿಗೆ ತಮ್ಮ ಬಾಯಿಯ ವಾಸನೆ ತಮಗೇ ಬಂದಂತಾಯಿತು. ಎದ್ದು ಹೋಗಿ ಬೇಸಿನ್ನಿನಲ್ಲಿ ಕೈ ತೊಳೆದರು, ಮತ್ತೆ ತೊಳೆದರು. ಗಂಟೆ ಮುಗಿಯಿತು. ದರ್ಜಿಗೆ ಹಸಿವಾಗಿತ್ತು, ಇನ್ನೇನೂ ಆಗಿರಲಿಲ್ಲ. 'ನೀವೇ ಹೊಡೆದುಹಾಕಿ ಸರ್' ಎಂದು ಮೇಡಂ ಪೆನ್ನು ಕೊಟ್ಟಳು. ತಮ್ಮದೇ ಅಕ್ಷರದ ಮೇಲೆ ಡಾಕ್ಟರು ಅಡ್ಡ ಗೀಟು ಹಾಕಿದರು. ಪೆನ್ನು ಕಾಗದ ಹರಿಯುವಷ್ಟು ಒತ್ತಿತು. ದರ್ಜಿ ಇಬ್ಬರಿಗೂ ಕೈ ಮುಗಿದ, ಮೇಡಂಗೆ ಸ್ವಲ್ಪ ಹೆಚ್ಚು ಹೊತ್ತು.

ಮಧ್ಯಾಹ್ನ ಮೇಡಂ ಚೀಲಕ್ಕೆ ಹನಿಗಳ ಸೀಸೆ ತುಂಬಿಕೊಳ್ಳುತ್ತ, 'ಮುಂದಿನ ತಿಂಗಳು ಮೊದಲು ಇಸ್ತ್ರಿಯವರದ್ದು ಮಾಡೋಣ ಸರ್' ಎಂದಳು. ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡ ಹೆಂಗಸು; ಇಡೀ ದಿನ ನಿಂತು ನಿಂತು ವರ್ಷಕ್ಕೆ ಮೂರು ಸಲ ಅವಳ ಕಾಲು ಕೆಂಪಗೆ ಊದುತ್ತದೆ. ಅವಳ ಕಾರ್ಡಿನ ಮೇಲೂ ಗೆರೆ. 'ಪ್ರತಿ ಸಲ ಎರಡನೇ ಔಷಧ ಕೊಟ್ಟು ಹೇಗೋ ಇಳಿಸ್ತಿದ್ದೀವಿ. ಒಂದು ಸಲ ಅದು ಕೇಳದೇ ಹೋದ್ರೆ ಕಷ್ಟ ಸರ್.'

ಡಾಕ್ಟರು ಗೋಡೆ ನೋಡುತ್ತ, 'ಮುಂದಿನ ತಿಂಗಳು ಬೇಡಮ್ಮ' ಎಂದರು.

'ಯಾಕೆ ಸರ್?'

'ಜನ ಹೆದರ್ತಾರೆ.'

'ದರ್ಜಿ ಹೆದರಲಿಲ್ವಲ್ಲ?'

'ಅವನು ಅಕ್ಕನ ಕೈ ಮುರಿಯೋ ಹಾಗೆ ಹಿಡ್ಕೊಂಡಿದ್ದ, ನೀನು ನೋಡ್ಲಿಲ್ಲ.' ಕೋಟಿನ ಜೇಬು ಮುಟ್ಟಿ ನೋಡಿಕೊಂಡು, 'ಯೋಚನೆ ಮಾಡಿ ಸಂಜೆ ಫೋನ್ ಮಾಡ್ತೀನಿ' ಎಂದರು.

ಅವಳಿಗೆ ಏನು ಅರ್ಥವಾಯಿತೋ, 'ಸರ್, ನಾನೇನಾದ್ರೂ ತಪ್ಪು ಮಾತಾಡಿದ್ನಾ?' ಎಂದಳು. ಇಲ್ಲ ಎಂದು ಅವರು ತಲೆ ಆಡಿಸಿದರು. ಒಂದೊಂದು ಗೆರೆ ಹೊಡೆದುಹಾಕಿದಾಗಲೂ ಬಡಗಿಯ ಕಾಲು ಸ್ಟೂಲಿನ ಮೇಲೆ ಬಂದು ಕೂರುತ್ತದೆ, ನೂರಾ ತೊಂಬತ್ತೈದು ಸಲ ಅದನ್ನು ನೋಡುವ ಶಕ್ತಿ ನನಗಿಲ್ಲ ಎಂದು ಮಗಳ ವಯಸ್ಸಿನವಳ ಹತ್ತಿರ ಹೇಗೆ ಹೇಳುವುದು? ಅವಳು ಹೋದ ಮೇಲೆ ಅವರು ಕಾರ್ಡು ತೆಗೆದು ಗಾಜಿನ ಮೇಲೆ ಇಟ್ಟುಕೊಂಡರು. ನಾನು ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿ ಸುಕ್ಕಾಯಿತು.

ಇನ್ನು ನನ್ನ ಪಾಲು. ಇಷ್ಟು ಹೊತ್ತು ಡಾಕ್ಟರ ಎದೆ ಬಗೆದು ತೋರಿಸಿದವಳು ನನ್ನದನ್ನು ಮಾತ್ರ ಸೆರಗಿನಡಿ ಇಟ್ಟುಕೊಂಡರೆ ಆಗುತ್ತದೆಯೇ? ಆ ಗೆರೆ ಎಳೆಸಿದ್ದು ನಾನು, ನನ್ನ ಗಂಡ ಸಾಯುವುದಕ್ಕೆ ಆರು ವರ್ಷ ಮುಂಚೆ. ನಮ್ಮವರಿಗೆ ಗಂಟಲು ಊದಿ ಜ್ವರ ಬಂದಿತ್ತು, ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮೂರನೆಯ ದಿನ ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಎದ್ದವು. ಎಷ್ಟು? ಎಂಟು. ಹತ್ತಾದರೂ ಇರಬಹುದು. ಅವರು ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದರು, ಶಿಳ್ಳೆ ಹೊಡೆಯುತ್ತ. 'ಇಷ್ಟಕ್ಕೆಲ್ಲ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ?' ಎಂದು ನಕ್ಕರು. ನಾನೇ ಎಳೆದುಕೊಂಡು ಬಂದೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತು ಒಳಗೆ ಹೋದರೆ ಡಾಕ್ಟರು ಬರೆಯುತ್ತಿದ್ದರು. ಅವರ ತಲೆಯ ನಡುವಿನ ಬೋಳು ಮಾತ್ರ ನಮಗೆ ಕಾಣುತ್ತಿತ್ತು. ಆ ಕಾಲದಲ್ಲಿ ಬೀದಿಯವರಿಗೆಲ್ಲ ಗೊತ್ತಿದ್ದ ವಿಷಯ: ಸ್ವಲ್ಪ ನೋವು ಎಂದರೆ ಆ ತಲೆ ಮೇಲೇಳುವುದಿಲ್ಲ. ನಾನು ಶುರುಮಾಡಿದೆ. ಮೈಯೆಲ್ಲ ಹಲಸಿನ ಕಾಯಿಯಾಯಿತು ಡಾಕ್ಟ್ರೇ ಎಂದೆ. ಕಣ್ಣು ಮುಚ್ಚಿಹೋಗಿ ಗೋಡೆ ತಡವಿಕೊಂಡು ಬಂದರು ಎಂದೆ. ಉಸಿರು ನಿಂತೇಹೋಗಿ ನಾನು ಎದೆಗೆ ಗುದ್ದಿ ಗುದ್ದಿ ಎರಡು ಸಲ ವಾಪಸ್ಸು ಕರೆದೆ ಎಂದೆ. ಡಾಕ್ಟರು ತಲೆ ಎತ್ತಿದರು. ಅಯ್ಯೋ, ಆ ತಲೆ ಎತ್ತಿಸಿದ ಖುಷಿ! ಮದುವೆಯಲ್ಲೂ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ನಮ್ಮವರು ಪಕ್ಕದಲ್ಲಿ ಕಿವಿ ಕೆರೆದುಕೊಳ್ಳುತ್ತ ನಿಂತಿದ್ದರು, ನಾಲ್ಕು ಜನರೆದುರು ಹೆಂಡತಿಯ ಮಾತು ತೆಗೆದುಹಾಕುವ ಮನುಷ್ಯ ಅಲ್ಲ. ಡಾಕ್ಟರು ನಗುತ್ತಲೇ ಕೆಂಪು ಪೆನ್ನು ತೆಗೆದರು. ನಾನು ಬಹುಮಾನ ಗೆದ್ದವಳ ಹಾಗೆ ಮನೆಗೆ ಹೋದೆ.

ಕಾಲಿನ ದಿನವೂ ನಾನು ಆ ಕೋಣೆಯಲ್ಲೇ ಇದ್ದೆ. ಡಾಕ್ಟರ ಕೈ ಡ್ರಾಯರಿನ ಕಡೆ ಹೋಗಿ ಹಿಂದೆ ಬಂದದ್ದು ನನಗೂ ಕಂಡಿತ್ತು. ಆಗ ಬಾಯಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಾಯಿಬಿಡಲು ಅಲ್ಲಿ ಸುಳ್ಳು ಎಂಬುದೇ ಇರಲಿಲ್ಲ. ಆ ಕಥೆಯನ್ನು ನಾನು ಬಾವಿಕಟ್ಟೆಯಲ್ಲಿ, ಅಂಗಡಿಯಲ್ಲಿ, ತಂಗಿಯ ಮನೆಯಲ್ಲಿ ಇನ್ನೂರು ಸಲ ಹೇಳಿದ್ದೆ. ಒಂದೊಂದು ಸಲಕ್ಕೂ ಉಸಿರು ಇನ್ನಷ್ಟು ಹೊತ್ತು ನಿಂತಿತ್ತು. ಹೇಳಿ ಹೇಳಿ ಚುಕ್ಕೆಗಳು ನನಗೇ ಮರೆತುಹೋಗಿದ್ದವು. ಅವರು ತೀರಿಕೊಂಡ ಮೇಲೂ, ಪುಣ್ಯಾತ್ಮ ಡಾಕ್ಟರು ಕರೆದು ಕೆಲಸ ಕೊಟ್ಟರು ಎಂದು ಹಗುರವಾಗಿ ಬದುಕಿದೆ. ಕಳೆದ ತಿಂಗಳು ಬೆಂಚಿನ ಕೆಳಗೆ ನೆಲ ಒರೆಸುತ್ತಿದ್ದಾಗ ಒಳಗಿನಿಂದ ಮೇಡಂ ಹತ್ತಕ್ಕೆ ಒಂಬತ್ತು ಎಂದಳು ನೋಡಿ, ಆಗ ಆ ಶಿಳ್ಳೆ ಕೇಳಿತು. ಉಸಿರು ನಿಂತವನು ಶಿಳ್ಳೆ ಹೊಡೆಯುವುದು ಹೇಗೆ? ಒರೆಸುವ ಬಟ್ಟೆ ಕೈಯಲ್ಲೇ ಒಣಗಿತು. ಅವತ್ತಿನಿಂದ ನಾನೂ ಊಟ ಮಾಡಿಲ್ಲ. ಸರಿ, ಮಾಡಿದ್ದೇನೆ, ರುಚಿ ಗೊತ್ತಾಗಿಲ್ಲ.

ಸಂಜೆ ಆರಕ್ಕೆ ಕೊನೆಯ ರೋಗಿ ಹೋದ. ನಾನು ಬೆಂಚು ಗೋಡೆಗೆ ಸರಿಸುತ್ತಿದ್ದೆ. 'ಅಕ್ಕ, ಬನ್ನಿ ಒಳಗೆ, ಕೂತ್ಕೊಳ್ಳಿ' ಎಂದರು. ರೋಗಿಯ ಕುರ್ಚಿ ತೋರಿಸಿದರು. ಹನ್ನೆರಡು ವರ್ಷದಲ್ಲಿ ಆ ಕುರ್ಚಿಯನ್ನು ದಿನಾ ಒರೆಸಿದ್ದೆ, ಕೂತಿರಲಿಲ್ಲ. ಅವರು ಎಲ್ಲ ಹೇಳಿದರು: ಕೈ, ಡ್ರಾಯರು, ಇಪ್ಪತ್ತೇಳು ಜನ, ದರ್ಜಿಯ ಮೈ ನೋಡುತ್ತ ತಾವು ಬೇಡಿಕೊಂಡದ್ದು. ಹೇಳುವಾಗ ನನ್ನನ್ನು ನೋಡಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದರು.

'ನಿಮಗೆ ಕೆಲಸ ಕೊಟ್ಟಿದ್ದು ಕರುಣೆಯಿಂದ ಅಲ್ಲ ಅಕ್ಕ. ನಿಮ್ಮ ಮುಖ ದಿನಾ ನೋಡ್ತಾ ಇದ್ರೆ ಒಂದಿನ ಅಭ್ಯಾಸ ಆಗುತ್ತೆ ಅಂದ್ಕೊಂಡೆ.'

'ಆಯ್ತಾ?'

'ಇಲ್ಲ.'

'ನನ್ನ ಮುಖಕ್ಕೆ ನನಗೇ ಎಪ್ಪತ್ತೆರಡು ವರ್ಷ ಆದ್ರೂ ಅಭ್ಯಾಸ ಆಗಿಲ್ಲ ಬಿಡಿ' ಎಂದೆ. ತಮಾಷೆ ಬಾಯಿಂದ ತಾನಾಗಿ ಬಂತು, ನಾಚಿಕೆಯಾಯಿತು. ಅವರು ಕಾರ್ಡನ್ನು ಗಾಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

'ಆ ಹುಡುಗಿ ಫೋನಿಗೆ ಕಾಯ್ತಿರ್ತಾಳೆ. ಈ ಗೆರೆ ನಿಜ ಆಗಿದ್ರೆ ನಾನು ಅವತ್ತು ಮಾಡಿದ್ದು ಸರಿ. ಹಾಗಾದ್ರೆ ಉಳಿದ ಗೆರೆ ಮುಟ್ಟೋ ಧೈರ್ಯ ನನಗಿಲ್ಲ, ಬರಬೇಡಮ್ಮ ಅಂತೀನಿ. ಸುಳ್ಳಾಗಿದ್ರೆ ಒಂದು ಗೆರೆನೂ ಒಂದಿನ ಜಾಸ್ತಿ ಇಡೋ ಹಕ್ಕು ನನಗಿಲ್ಲ. ಇಸ್ತ್ರಿಯವಳಿಂದ ಶುರು ಮಾಡ್ತೀನಿ, ಏನಾದ್ರೂ ಆಗ್ಲಿ.' ಕೆಂಪು ಗೆರೆಯ ಮೇಲೆ ಬೆರಳಿಟ್ಟರು. 'ಇದನ್ನ ಎಳೆಸಿದ ದಿನ ಅವರಿಗೆ ಏನಾಗಿತ್ತು ಅಕ್ಕ? ಸೇರಿಸದೆ ಹೇಳಿ.'

ಅವರು ತಲೆ ಎತ್ತಿದ್ದರು. ನಾನು ಒಂದು ಮಾತೂ ಆಡುವ ಮೊದಲೇ. ಸುಳ್ಳು ಹೇಳಿದರೆ ಈ ಮನುಷ್ಯ ಮನೆಗೆ ಹೋಗಿ ಬಿಸಿ ಊಟ ಮಾಡಿ ಹನ್ನೆರಡು ವರ್ಷದ ನಿದ್ದೆಯನ್ನು ಒಂದೇ ಸಲ ಮಾಡುತ್ತಾನೆ. ಅಲ್ಲಿ ಬೀದಿಯ ಕೊನೆಯಲ್ಲಿ ಇಸ್ತ್ರಿಯವಳು ಊದಿದ ಕಾಲನ್ನು ಇನ್ನೊಂದು ಕಾಲಿನ ಮೇಲೆ ಇಟ್ಟುಕೊಂಡು ನಿಂತಿರುತ್ತಾಳೆ. ನಿಜ ಹೇಳಿದರೆ ಅವಳ ಕಾರ್ಡು ಹೊರಬರುತ್ತದೆ. ಇವರ ಎದೆಯ ಮೇಲೆ ಕಲ್ಲು ಸಾಯುವ ತನಕ ಕೂರುತ್ತದೆ. ಆ ಕಲ್ಲನ್ನು ಅಲ್ಲಿಗೆ ಎತ್ತಿ ತಂದವಳು ಯಾರೆಂದೂ ಇವರಿಗೆ ಗೊತ್ತಾಗುತ್ತದೆ. ಆಮೇಲೆ ನಾಳೆ ಬೆಳಿಗ್ಗೆ ಬಕೆಟ್ಟು ಹಿಡಿದು ಒಳಗೆ ಬರುವ ಮುಖ ನನಗೆಲ್ಲಿಂದ? ನಮ್ಮವರು ಅಲ್ಲೇ ಪಕ್ಕದಲ್ಲಿ ಕಿವಿ ಕೆರೆಯುತ್ತ ನಿಂತಂತಿತ್ತು. ಯಾವತ್ತಿನ ಹಾಗೆ ಎಲ್ಲ ನನ್ನ ಮೇಲೇ ಬಿಟ್ಟು.

ನಾನು ಬಾಯಿ ತೆರೆದೆ. ಹುಟ್ಟಿದ ಮೇಲೆ ಮೊದಲ ಸಲ ಚಿಕ್ಕದಾಗಿ ಮಾತಾಡಿದೆ. ಐದೇ ಮಾತು. ನಿಜ ಹೇಳಿದ್ದರೂ ಐದರಲ್ಲಿ ಮುಗಿಯುತ್ತಿತ್ತು, ಸುಳ್ಳು ಹೇಳಿದ್ದರೂ ಐದೇ. ಡಾಕ್ಟರು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡರು, ಫೋನು ಎಳೆದುಕೊಂಡು ಮೇಡಂ ನಂಬರು ಒತ್ತಿದರು. ನಾನು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಯಾಕೆ ಹಾಗೆ ನೋಡುತ್ತೀರಿ? ಇಷ್ಟೆಲ್ಲ ಹೇಳಿದವಳಿಗೆ ಅದೊಂದು ಹೇಳಲು ಏನು ಕಷ್ಟ ಎಂದೇ? ಹೇಳಿದರೆ ಮುದುಕಿ ಸೇರಿಸಿದಳು ಎನ್ನುತ್ತೀರಿ. ಈಗ ನೀವೇ ಹೇಳಿ ನೋಡೋಣ, ಆ ಐದು ಮಾತು ಯಾವುದು?